ಬರೆಯಲೆಂದು ತೆರೆದ ಫೈಲು

ಓಬಳೇಶಣ್ಣ, ಆ ಫೈಲು ಅಳಿಸಿದವನು ನಾನು. ನೀನಲ್ಲ. ನಿನ್ನ ಬಲಗೈ ಮುರಿದದ್ದು ನನ್ನ ಚಿಕ್ಕಪ್ಪ — ಆದರೆ ಯಾವ ಕೈ ಮುರಿಯಬೇಕೆಂದು ತೋರಿಸಿಕೊಟ್ಟವನು ನಾನು. ಇಷ್ಟು ಬರೆಯಲು ಇಷ್ಟು ವರ್ಷ ಬೇಕಾಯಿತು. ಥೂ, ನನ್ನ ಜನ್ಮಕ್ಕೆ!

ಕಲ್ಯಾಣದುರ್ಗದ ಬಸ್ ಸ್ಟ್ಯಾಂಡಿನ ಎದುರು ಒಂದೇ ಒಂದು ಟೈಪ್‌ರೈಟರ್ ಇಟ್ಟುಕೊಂಡು ಅರ್ಜಿ ಟೈಪ್ ಮಾಡಿಕೊಡುತ್ತಿದ್ದವನು ನೀನು, ಕುಂದುರ್ಪಿ ಕಡೆಯ ರೈತರ ಮಗ. ನಾನು ಕಲ್ಯಾಣದುರ್ಗದ್ದೇ ನೇಕಾರರ ಕೇರಿಯವನು. ತೊಂಬತ್ತರ ದಶಕದ ನಡುವೆ ಹಿಂದೂಪುರದ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಸಿ ಪ್ಲಸ್ ಪ್ಲಸ್ ಎಂಬ ಪ್ರೋಗ್ರಾಮಿಂಗ್ ಭಾಷೆ ಹೇಳಿಕೊಡುತ್ತಿದ್ದೆ. ಕೇರಿಗೆಲ್ಲ ನಾನೇ ಕಂಪ್ಯೂಟರ್ ಮೇಷ್ಟ್ರು — ಆ ಹಮ್ಮು ನನ್ನ ತಲೆಗೇರಿತ್ತು.

ನಮ್ಮ ಕೇರಿಗೆ ಮನೆ ಜಾಗ ಕೊಡುವ ಮಾತು ಆಗ ನಡೆದಿತ್ತು. ನೆಲದಲ್ಲಿ ಗುಂಡಿ ತೋಡಿ ಹೂಡುವ ಮಗ್ಗ ನಮ್ಮದು. ಬಾಡಿಗೆ ಮನೆಯಲ್ಲಿ ಗುಂಡಿ ತೋಡಲು ಯಾವ ಮಾಲೀಕ ಬಿಡುತ್ತಾನೆ? ಜಾಗವಿಲ್ಲದೆ ಮಗ್ಗ ಬಿಚ್ಚಿ ಮೂಲೆಗಿಟ್ಟವರು ಎಷ್ಟೋ ಜನ. ಕೇರಿಯಲ್ಲಿ ಎರಡು ಪಾರ್ಟಿ. ಯಾರ ಪಟ್ಟಿ ಗಡುವಿನೊಳಗೆ ಆಫೀಸು ಸೇರುತ್ತದೋ ಅವರಿಗೆ ಜಾಗ. ನಮ್ಮ ಪಾರ್ಟಿಗೆ ಚಿಕ್ಕಪ್ಪನೇ ಮುಂದಾಳು; ಎದುರು ಪಾರ್ಟಿಯವರೊಂದಿಗೆ ಆ ವರ್ಷವೇ ಎರಡು ಸಲ ತಲೆ ಒಡೆದಾಡಿಕೊಂಡಿದ್ದ.

ನಮ್ಮ ಪಾರ್ಟಿಯ ಪಟ್ಟಿಗೆಂದು ನೀನು ಮನೆಮನೆ ಸುತ್ತಿ ಚೀಟಿಗಳಲ್ಲಿ ಹೆಸರು ಬರೆದುಕೊಂಡೆ. ಹಿಂದೂಪುರಕ್ಕೆ ಬಂದು ಹನ್ನೊಂದು ದಿನ ಕೂತು ಕಂಪ್ಯೂಟರಿನಲ್ಲಿ ಟೈಪ್ ಮಾಡಿದೆ. ಆ ಚೀಟಿಗಳನ್ನು ಜೋಪಾನವಾಗಿ ಕಟ್ಟಿಡುತ್ತಿದ್ದೆಯಲ್ಲ — ನಾನೇ ನಕ್ಕು, "ಕಂಪ್ಯೂಟರಿಗೆ ಸೇರಿದ್ಮೇಲೆ ಈ ಕಾಗ್ದ ಯಾಕಣ್ಣ, ಒಲೆಗಾಕು" ಅಂದೆ. ನೀನು ಅಳುಕುತ್ತಲೇ ಸುಟ್ಟೆ. ಉಳಿದದ್ದು ಹೆಸರುಗಳ ಫೈಲು ಇದ್ದ ಒಂದು ಫ್ಲಾಪಿ. ಇನ್ನೊಂದು ಕಾಪಿ ಮಾಡೋಣ ಅಂತ ನನಗೂ ತೋಚಲಿಲ್ಲ, ಅಥವಾ ತೋಚಿಯೂ ಉದಾಸೀನ ಮಾಡಿದೆನೋ...

ಗಡುವಿನ ಕೊನೆಯ ದಿನ ಬೆಳಿಗ್ಗೆ ಅಂಗಿ ಜೇಬಿನಿಂದ ಫ್ಲಾಪಿ ತೆಗೆದುಕೊಟ್ಟು ನೀನು ಟೀ ತರಲು ಕೆಳಗಿಳಿದೆ. ಫೈಲಿನಿಂದ ಹೆಸರುಗಳನ್ನು ಓದಿ, ಬೀದಿವಾರು ಜೋಡಿಸಿ, ಮತ್ತೆ ಅದೇ ಫೈಲಿಗೆ ಬರೆಯುವ ಪ್ರೋಗ್ರಾಮು ನನ್ನದು. ಓದಲೆಂದು ಫೈಲು ತೆರೆಯುವ ಸಾಲು ಒಂದು, ಬರೆಯಲೆಂದು ತೆರೆಯುವ ಸಾಲು ಇನ್ನೊಂದು. ಬರೆಯಲೆಂದು ಫೈಲು ತೆರೆದರೆ, ಒಂದಕ್ಷರ ಬರೆಯುವ ಮೊದಲೇ, ಅದರಲ್ಲಿದ್ದ ಹಳೆಯದೆಲ್ಲ ಅಳಿದುಹೋಗುತ್ತದೆ. ಇದನ್ನು ದಿನಾ ಪಾಠ ಮಾಡುತ್ತಿದ್ದೆ ಕಣಣ್ಣ! ಆದರೂ ಬರೆಯುವ ಸಾಲನ್ನು ಓದುವ ಸಾಲಿಗಿಂತ ಮೇಲೆ ಹಾಕಿದ್ದೆ. ಪ್ರೋಗ್ರಾಮು ಓಡಿತು. ಫೈಲು ತೆರೆದು ನೋಡಿದೆ — ಒಂದು ಹೆಸರೂ ಇಲ್ಲ. ಎಲ್ಲಿ ತಪ್ಪಿತೆಂದು ಆ ಗಳಿಗೆಯಲ್ಲೇ ನನಗೆ ಗೊತ್ತಾಯಿತು. ಗೊತ್ತಿರಲಿಲ್ಲ ಎಂದು ಯಾವತ್ತೂ ಹೇಳಲಾರೆ.

ಅಷ್ಟರಲ್ಲಿ ಚಿಕ್ಕಪ್ಪ ನಾಲ್ಕು ಜನರನ್ನು ಕಟ್ಟಿಕೊಂಡು ಮೆಟ್ಟಿಲು ಹತ್ತಿ ಬಂದ.

"ಎಲ್ಲೈತ್ಲಾ ಪಟ್ಟಿ?"

"ಖಾಲಿ ಐತೆ ಚಿಕ್ಕಪ್ಪ. ಎಲ್ಲಾ ಹೋಗ್ಬುಟ್ಟೈತೆ."

"ಮಿಷಿನ್ನು ತಾನಾಗೇ ಅಳಿಸ್ಬುಡ್ತದೇನ್ಲಾ?"

ಆಗ ಹೇಳಬಹುದಿತ್ತು. ಹೇಳಿದ್ದರೆ ಎರಡೇಟು ನನಗೆ ಬೀಳುತ್ತಿತ್ತು, ಸ್ವಂತ ಮಗನಂಥವನೆಂದು ಅಲ್ಲಿಗೆ ಬಿಡುತ್ತಿದ್ದ. ನಾನು ಹೇಳಿದ್ದು ಹೀಗೆ: "ಇಲ್ಲ. ಯಾರ್ದಾದ್ರೂ ಕೈಯೇ ಅಳಿಸ್ಬೇಕು. ಫ್ಲಾಪಿ ಓಬಳೇಶಣ್ಣನ ಜೇಬಲ್ಲೇ ಇತ್ತು."

ಒಂದೊಂದು ಮಾತೂ ನಿಜ. ಅದಕ್ಕೇ ಅದು ಅಷ್ಟು ದೊಡ್ಡ ಸುಳ್ಳು.

ಅವರು ಬಂದದ್ದನ್ನು ಕೆಳಗೇ ಕಂಡು, ನೀನು ಎಲ್ಲರಿಗೂ ಎಂದು ತಂತಿ ಸ್ಟ್ಯಾಂಡಿನಲ್ಲಿ ಟೀ ಲೋಟಗಳನ್ನು ಹಿಡಿದು ಬಂದೆ. ಮೊದಲ ಏಟು ಬಾಯಿಗೆ ಬಿತ್ತು. ಲೋಟಗಳು ಒಡೆದವು, ಬಿಸಿ ಟೀ ನಿನ್ನ ಕತ್ತಿನ ಮೇಲೆ ಹರಿಯಿತು. ಬಿದ್ದವನ ಹೊಟ್ಟೆಗೆ ಒದ್ದರು, ಗಾಜಿನ ಚೂರಿನ ಮೇಲೆಯೇ ಹೊರಳಾಡಿಸಿ ಒದ್ದರು. "ಚೆಪ್ಪರಾ! ಯಾರ ಮಾತು ಕೇಳ್ಕಂಡು ಅಳಿಸ್ದೆ ಹೇಳ್ಲಾ!" — ಚಿಕ್ಕಪ್ಪ ತೆಲುಗು ಕನ್ನಡ ಎರಡರಲ್ಲೂ ಕೂಗುತ್ತಿದ್ದ. ನೀನು ಬಾಯಿಂದ ರಕ್ತ ಸುರಿಸುತ್ತಾ ನನ್ನನ್ನೇ ನೋಡಿದೆ. "ಸೀನಾ, ನೀನಾದ್ರೂ ಹೇಳಪ್ಪ... ನಿನ್ನೆ ಇಬ್ರೂ ನೋಡಿದ್ವಲ್ಲಾ, ಹೆಸ್ರೆಲ್ಲಾ ಇದ್ವಲ್ಲಾ..."

ನಾನು ಖಾಲಿ ಪರದೆಯ ಕಡೆ ತಿರುಗಿಕೊಂಡೆ.

ಇಬ್ಬರು ನಿನ್ನ ಬಲಗೈಯನ್ನು ಕಬ್ಬಿಣದ ಬಾಗಿಲಿನ ಚೌಕಟ್ಟಿಗೆ ಒತ್ತಿ ಹಿಡಿದರು. ಚಿಕ್ಕಪ್ಪ ಬಾಗಿಲನ್ನು ಆ ಕೈಯ ಮೇಲೆ ಬಲವಾಗಿ ಎಳೆದ. ಮತ್ತೊಮ್ಮೆ ಎಳೆದ. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ನಿನ್ನ ಕೂಗು ಆಮೇಲೆ ಬಂತು. ಆಗ ನಾನೇನು ಮಾಡಿದೆ ಗೊತ್ತೇ? ರಕ್ತ ಸಿಡಿದೀತೆಂದು ಕೀಬೋರ್ಡಿನ ಮೇಲೆ ಪ್ಲಾಸ್ಟಿಕ್ ಕವರು ಎಳೆದೆ. ಅಣ್ಣಾ, ಎದ್ದು ಬಂದು ಬಾಗಿಲಿಗೆ ಅಡ್ಡ ನಿಲ್ಲಬಹುದಿತ್ತು — ನಾನು ಕವರು ಎಳೆದೆ.

ಜಾಗ ಎದುರು ಪಾರ್ಟಿಗೆ ಹೋಯಿತು. ನಿನ್ನನ್ನು ಆಸ್ಪತ್ರೆಗೆ ಸೇರಿಸಿದವರು ಕೆಳಗಿನ ಟೀ ಅಂಗಡಿಯವರು. ನಾನು ಮಾರನೆಯ ದಿನ ಆ ಎರಡು ಸಾಲುಗಳ ಜಾಗ ಬದಲಿಸಿದೆ, ಪ್ರೋಗ್ರಾಮು ಸರಿಹೋಯಿತು. ಆಮೇಲೆ ಅದೇ ತಪ್ಪು ಮಾಡಿದ ಒಬ್ಬ ವಿದ್ಯಾರ್ಥಿಯ ಕಪಾಳಕ್ಕೆ ಹೊಡೆದೆ. ಅವನಿಗೆ ಕಾರಣ ತಿಳಿಯಲಿಲ್ಲ, ಅಳುತ್ತಾ ಹೋದ.

ಎರಡು ವರ್ಷದ ಮೇಲೆ ಬ್ರಹ್ಮಸಮುದ್ರದ ಬಸ್ಸಿನಲ್ಲಿ ನೀನು ಸಿಕ್ಕೆ. ಎಡಗೈಯಲ್ಲಿ ಕಂಬಿ ಹಿಡಿದಿದ್ದೆ. ಬಲಗೈಯ ಮೂರು ಬೆರಳು ಒಳಕ್ಕೆ ಮಡಚಿಕೊಂಡಿದ್ದವು. ಟೈಪ್‌ರೈಟರ್ ಮಾರಿ ಕುರಿ ಕಾಯುತ್ತೀನಿ ಅಂದೆ. ಬೈಯುತ್ತೀಯ, ಉಗಿಯುತ್ತೀಯ ಅಂದುಕೊಂಡಿದ್ದೆ. ನೀನು ಕೇಳಿದ್ದು ಬೇರೆ:

"ಆ ಹೆಸ್ರುಗಳು ಆಮ್ಯಾಕೆ ಸಿಕ್ಕಿದ್ವೇನಪ್ಪ ಸೀನಾ? ನಾನೇ ಯಾವ್ದೋ ತಪ್ಪು ಗುಂಡಿ ಒತ್ಬುಟ್ಟೆ ಅಂತ ಕಾಣ್ತದೆ. ನಮ್ಮಂಥೋರಿಗೆ ಕಂಪ್ಯೂಟ್ರು ಎಲ್ಲಿ ತಿಳೀತದೆ..."

"ಇರ್ಬೋದು ಕಣಣ್ಣ" ಅಂದೆ.

ಬಾಗಿಲಿನ ದಿನ ಹೆದರಿದ್ದೆ ಎಂದಾದರೂ ಹೇಳಬಹುದೇನೋ. ಬಸ್ಸಿನಲ್ಲಿ ನನ್ನನ್ನು ಹೆದರಿಸುವವರು ಯಾರೂ ಇರಲಿಲ್ಲ. ಕೈ ಮುರಿಸಿದ್ದು ಸಾಲದೆ, ತಪ್ಪನ್ನೂ ನಿನ್ನ ಕೈಗೇ ಕಟ್ಟಿ ಕಳಿಸಿದೆ. ಇದಕ್ಕೆ ಕ್ಷಮೆ ಕೇಳುವ ಮುಖ ನನಗಿಲ್ಲ. ಕೇಳುವುದೂ ಇಲ್ಲ.

ಚಿಕ್ಕಪ್ಪ ಇನ್ನೂ ಬದುಕಿದ್ದಾನೆ. ನಾಳೆ ಕಲ್ಯಾಣದುರ್ಗಕ್ಕೆ ಹೋಗಿ ಈ ಕಾಗದವನ್ನು ಅವನ ಜಗುಲಿಯ ಮೇಲೆ, ಕೇರಿಯವರೆದುರಿಗೇ ಓದುತ್ತೇನೆ. ಅವರು ಮಾಡುವುದನ್ನು ಮಾಡಲಿ. ಆಮೇಲೆ ಕುಂದುರ್ಪಿಗೆ ಬಂದು ನಿನ್ನ ಮುಂದೆ ನಿಲ್ಲುತ್ತೇನೆ. ಇದರ ಇನ್ನೊಂದು ಕಾಪಿಯನ್ನು ಇವತ್ತೇ ನಿನಗೆ ಅಂಚೆಗೆ ಹಾಕುತ್ತೇನೆ; ಅಷ್ಟರಲ್ಲಿ ನನಗೇನಾದರೂ ಆದರೆ ಇಷ್ಟಾದರೂ ನಿನಗೆ ತಲುಪಲಿ — ಆ ಹನ್ನೊಂದು ದಿನ ನೀನು ಒತ್ತಿದ ಗುಂಡಿಗಳೆಲ್ಲ ಸರಿಯಾಗಿದ್ದವು. ನಿನ್ನ ಬೆರಳು ಯಾವ ತಪ್ಪೂ ಮಾಡಿರಲಿಲ್ಲ ಅಣ್ಣ.