ತಂಗಿಯ ಮಂಡಿ

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಎಕ್ಸ್‌ರೇ ಅಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷದಿಂದ ಅದೇ ಕೋಣೆ, ಅದೇ ಸೀಸದ ಏಪ್ರನ್, "ಅಲುಗಾಡಬೇಡಿ" ಎನ್ನುವ ಅದೇ ಮಾತು. ಮುರಿದ ಕೈ ಬರಲಿ, ಬಿರುಕು ಬಿಟ್ಟ ಪಕ್ಕೆಲುಬು ಬರಲಿ, ಅವಳು ಜಗ್ಗುವವಳಲ್ಲ. ಮಕ್ಕಳ ಮಂಡಿ ಬಂದರೆ ಮಾತ್ರ ಚಿತ್ರವನ್ನು ಮತ್ತೆ ಮತ್ತೆ ನೋಡುತ್ತಿದ್ದಳು.

ಕಾರಣ, ತಂಗಿ. ಹದಿಮೂರರ ವಯಸ್ಸಿನಲ್ಲಿ ಅವಳು ಓಟಕ್ಕೆ ನಿಂತರೆ ಹುಡುಗರೂ ಹಿಂದೆ ಬೀಳುತ್ತಿದ್ದರು. ಆ ವರ್ಷ ಮಂಡಿ ನೋವು ಎನ್ನತೊಡಗಿದಳು. ಓಡಿದ ದಿನ ಊದಿಕೊಳ್ಳುತ್ತಿತ್ತು, ಎರಡು ದಿನ ಸುಮ್ಮನಿದ್ದರೆ ಇಳಿಯುತ್ತಿತ್ತು. ಬಿದ್ದಿರಲಿಲ್ಲ, ಪೆಟ್ಟಾಗಿರಲಿಲ್ಲ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದು ನಕ್ಕವಳು ಹದಿನೇಳರ ಅಕ್ಕನೇ. ಶಾಲೆಗಳ ಪಂದ್ಯದ ದಿನ ಮಂಡಿಗೆ ತಾನೇ ಪಟ್ಟಿ ಬಿಗಿದು, "ಹೋಗು, ಏನೂ ಆಗಲ್ಲ" ಎಂದು ಬೆನ್ನು ತಟ್ಟಿ ಕಳಿಸಿದಳು.

ಎರಡನೆಯ ತಿರುವಿನಲ್ಲಿ ತಂಗಿ ಕುಸಿದಳು. ಮಡಿಸಿದ ಕಾಲು ಮಡಿಸಿದಂತೆಯೇ ಸಿಕ್ಕಿಕೊಂಡಿತ್ತು. ಅವಳು ಅಳಲಿಲ್ಲ. ಜನರ ನಡುವೆ ಅಕ್ಕನನ್ನು ಹುಡುಕಿ, ಅವಳನ್ನೇ ನೋಡಿದಳು.

ಕೀಲಿನಲ್ಲಿ ಮೂಳೆಯ ತುದಿಗೆ ಹೊದಿಕೆಯಂತಿರುವ ಮೃದ್ವಸ್ಥಿಯ ಕೆಳಗೆ ಮೂಳೆಯ ಒಂದು ಚೂರಿಗೆ ರಕ್ತ ಸಾಲದೆ ಅದು ಸಡಿಲವಾಗಿತ್ತು. ಓಡಿ ಓಡಿ ಮೃದ್ವಸ್ಥಿಯ ಸಮೇತ ಕಳಚಿ ಕೀಲಿನೊಳಗೆ ಬಿದ್ದಿತ್ತು. "ಬೆಳೆಯೋ ಮಕ್ಕಳಲ್ವಾ, ಮೊದಲೇ ಗೊತ್ತಾಗಿ ಆಟ ನಿಲ್ಲಿಸಿದ್ರೆ ಎಷ್ಟೋ ಸಲ ತಾನಾಗೇ ಕೂಡ್ಕೊಳ್ಳತ್ತೆ" ಎಂದರು ಡಾಕ್ಟರು. ಅವರು ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಎರಡು ಆಪರೇಷನ್ ಆದ ಮೇಲೆ ತಂಗಿ ನಡೆದಳು, ಓಡಲಿಲ್ಲ. ಅಕ್ಕ ಎಕ್ಸ್‌ರೇ ಕಲಿಯಲು ಸೇರಿದಳು. ಯಾಕೆಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ಅಂದಿನಿಂದ ಬಸ್ಸಿನಲ್ಲಿ, ಬೀದಿಯಲ್ಲಿ, ಯಾವ ಮಗು ಕಾಲೆಳೆದರೂ ಅವಳಿಗೆ ತಂಗಿಯೇ ತಿರುಗಿ ನೋಡಿದಂತಾಗುತ್ತಿತ್ತು.

ಒಂದು ಸೋಮವಾರ ಬೇಕರಿಯವನೊಬ್ಬ ಹನ್ನೆರಡರ ಮಗಳನ್ನು ಕರೆತಂದ. ಅವನ ತೋಳಿನ ಮೇಲೆ ಹಿಟ್ಟು ಹಾಗೇ ಇತ್ತು.

"ಶನಿವಾರ ಫುಟ್‌ಬಾಲ್ ಮ್ಯಾಚಿದೆ ಮೇಡಂ. ಟಿವಿ ಮುಂದೆ ಕೂತ್ರೆ ನೋವಿಲ್ಲ, ಮೈದಾನಕ್ಕೆ ಹೋದ್ರೆ ಮಾತ್ರ ನೋವು. ಎಲ್ಲಾ ನಾಟಕ."

ಹುಡುಗಿ ತಲೆ ತಗ್ಗಿಸಿದಳು. ಡಾಕ್ಟರು ಚೀಟಿಯಲ್ಲಿ ಬರೆದಂತೆ ಎದುರಿನಿಂದ ಒಂದು, ಪಕ್ಕದಿಂದ ಒಂದು ಚಿತ್ರ ತೆಗೆದದ್ದಾಯಿತು. ಎರಡರಲ್ಲೂ ಮೂಳೆ ಸರಿಯಾಗಿಯೇ ಇತ್ತು. ಆದರೂ ಅಕ್ಕನ ಕೈ ಫೋನಿನತ್ತ ಹೋಯಿತು.

"ಸರ್, ಮಂಡಿ ಮಡಿಸಿ ಇನ್ನೊಂದು ತೆಗೀಲಾ?"

"ಎರಡರಲ್ಲಿ ಏನಾದ್ರೂ ಕಾಣ್ತಿದೆಯಾ?"

"ಇಲ್ಲ."

"ಮತ್ಯಾಕೆ?"

"ಇದೊಂದು ಸಲ ಸರ್" ಎಂದಳು. ಅತ್ತ ಕಡೆಯಿಂದ ನಿಟ್ಟುಸಿರು. "ಸರಿ, ತೆಗೀರಿ."

ಮೂರನೆಯ ಚಿತ್ರದಲ್ಲಿ, ಮಂಡಿ ಮಡಿಸಿದಾಗಷ್ಟೇ ಕಾಣುವ ಜಾಗದಲ್ಲಿ, ತೊಡೆಮೂಳೆಯ ತುದಿಗೆ ಉಗುರಿನಷ್ಟು ಕಪ್ಪು ಕಮಾನು. ತಂಗಿಗೆ ಆದದ್ದೇ, ಆದರೆ ಚೂರು ಇನ್ನೂ ಕಳಚಿರಲಿಲ್ಲ.

ಡಾಕ್ಟರ ಕೋಣೆಯಿಂದ ಹೊರಬಂದ ಬೇಕರಿಯವನು ಗೋಡೆಗೊರಗಿ ನಿಂತ. "ನಾಟಕ ಅಂದ್ಬಿಟ್ಟೆ ಮೇಡಂ. ಹೆತ್ತ ಮಗಳಿಗೆ."

"ನೀವು ಕರ್ಕೊಂಡಾದ್ರೂ ಬಂದ್ರಲ್ಲ" ಎಂದಳು ಅಕ್ಕ.

ಹುಡುಗಿಗೆ ಕೆಲವು ವಾರ ಊರುಗೋಲು, ಆಮೇಲೂ ಓಟವಿಲ್ಲ, ನೆಗೆತವಿಲ್ಲ. ಎಂಟು ತಿಂಗಳ ನಂತರದ ಚಿತ್ರದಲ್ಲಿ ಕಮಾನು ತುಂಬಿಕೊಂಡಿತ್ತು. ಹುಡುಗಿ ಕಾರಿಡಾರಿನಲ್ಲಿ ಕುಪ್ಪಳಿಸಿಕೊಂಡು ಹೋದದ್ದನ್ನು ನೋಡಿ ಅಕ್ಕನಿಗೆ ನೆಮ್ಮದಿಯಾಗಬೇಕಿತ್ತು. ನೆನಪಾದದ್ದು ತಂಗಿಯ ಮಂಡಿ. ಇಷ್ಟು ಸುಲಭವಿತ್ತೇ?

ಅಂದು ಸಂಜೆ ಅವಳು ನೇರ ತಂಗಿಯ ಮನೆಗೆ ಹೋದಳು. ತಂಗಿ ಒಗೆದ ಹೊದಿಕೆಗಳನ್ನು ಮಡಿಸುತ್ತಿದ್ದಳು.

"ಅವತ್ತು ನಾನು ನಿನ್ನ ಓಡೋಕೆ ಕಳಿಸಬಾರದಿತ್ತು ಕಣೇ."

ತಂಗಿಯ ಕೈ ನಿಂತಿತು. "ಇಷ್ಟು ವರ್ಷ ಇದನ್ನೇ ಹೊತ್ಕೊಂಡಿದ್ದೀಯಾ? ನಂಗೆ ಗೆಲ್ಲಬೇಕಿತ್ತು ಅಕ್ಕ. ನೀನು ಬೇಡ ಅಂದಿದ್ರೂ ಓಡ್ತಿದ್ದೆ."

ಇನ್ನೊಂದು ಹೊದಿಕೆ ಎತ್ತಿಕೊಂಡು, ಮುಖ ನೋಡದೆ ಹೇಳಿದಳು: "ಆದ್ರೆ ನೀನು ಬೇಡ ಅನ್ನಲಿಲ್ಲ."

ಅಕ್ಕ ಹೊದಿಕೆಯ ಇನ್ನೊಂದು ತುದಿ ಹಿಡಿದುಕೊಂಡಳು. ಇಬ್ಬರೂ ಅಂಚಿಗೆ ಅಂಚು ಸೇರಿಸಿ ಮಡಿಸತೊಡಗಿದರು.