‘ಹಸಿವಿಲ್ಲ’ ಎಂದ ಅಕ್ಕೋಳದ ಮಾಸ್ತರ

ಬೆಳಗಿನ ಐದೂವರೆ. ಅಕ್ಕೋಳದಲ್ಲಿ ಇನ್ನೂ ಕತ್ತಲು. ಪಡಸಾಲೆಯ ಮೂಲೆಯಲ್ಲಿ, ಜೋಳದ ಚೀಲದ ಮೇಲೆ ಹಲಗೆ ಇಟ್ಟು ಮಾಡಿಕೊಂಡ ಮೇಜಿನ ಮುಂದೆ ಅಭಿನಂದನ ಮಗದುಮ್ ಕುಳಿತಿದ್ದಾರೆ. ಕಿವಿ ಮುಚ್ಚುವಂತೆ ಮಫ್ಲರು, ಕೊರಳಿಗೆ ಟೈ. ಲ್ಯಾಪ್‌ಟಾಪಿನ ತೆರೆಯಲ್ಲಿ ಎಂಟು ಮುಖಗಳು. ಎಲ್ಲರೂ ರಷ್ಯಾದ ಪೂರ್ವದ ತುದಿಯ ವ್ಲಾದಿವೊಸ್ತೋಕ್ ಬಂದರಿನ ಗುಮಾಸ್ತರು. ಅಲ್ಲಿ ಆಗಲೇ ಹತ್ತು ಗಂಟೆ. ಹಡಗು ತಡವಾದಾಗ ಪರದೇಶದ ವ್ಯಾಪಾರಿಗೆ ಫೋನಿನಲ್ಲಿ ಇಂಗ್ಲಿಷಿನಲ್ಲಿ ಹೇಗೆ ಹೇಳಬೇಕು, ಆತ ಸಿಟ್ಟಾದರೆ ಹೇಗೆ ಸಮಾಧಾನ ಮಾಡಬೇಕು ಎನ್ನುವುದು ಇಂದಿನ ಪಾಠ.

ಗೋಡೆಯಾಚೆ ಎಮ್ಮೆ ಕೂಗುತ್ತದೆ. ಎಂಟೂ ಮಂದಿ ನಗುತ್ತಾರೆ. ದಪ್ಪ ಮೀಸೆಯವನೊಬ್ಬ ತಡವರಿಸುತ್ತ, ಚಂದ್ರಿ ಕರು ಹಾಕಿದಳೇ ಎಂದು ಇಂಗ್ಲಿಷಿನಲ್ಲಿ ವಿಚಾರಿಸುತ್ತಾನೆ. ಇನ್ನೂ ಇಲ್ಲ, ಆದರೆ ಪ್ರಶ್ನೆ ಬರೋಬರಿ ಕೇಳಿದಿರಿ ಎಂದು ಮಾಸ್ತರು ಬೆನ್ನು ತಟ್ಟಿದ ಹಾಗೆ ಹೇಳುತ್ತಾರೆ.

ಪಾಠ ಮುಗಿದರೂ ಚಹಾ ಬರುವುದಿಲ್ಲ. ಒಳಗೆ ತಾಯಿ ಕಾಶಿಬಾಯಿ ಒಲೆಯ ಮುಂದೆ ಕುಳಿತು ಅಂಗಳದ ಕಡೆ ನೋಡುತ್ತಿದ್ದಾರೆ. ಜೈನರ ಮನೆ, ಹೊತ್ತು ಹುಟ್ಟುವ ಮೊದಲು, ಹೊತ್ತು ಮುಳುಗಿದ ಮೇಲೆ ಇಲ್ಲಿ ಯಾರೂ ಬಾಯಿಗೆ ಏನನ್ನೂ ಹಾಕುವುದಿಲ್ಲ.

“ಇಲ್ಲಿ ಈ ನೇಮ ಅಗದೀ ಹಗರ್ರಿ,” ಎನ್ನುತ್ತಾರೆ ಅಭಿನಂದನ, ಟೈ ಸಡಿಲಿಸುತ್ತ. “ಹೊತ್ತ ತನ್ನ ವ್ಯಾಳ್ಯಾಕ ಬರತೈತಿ, ತನ್ನ ವ್ಯಾಳ್ಯಾಕ ಹೋಗತೈತಿ. ನಾ ಇದ್ದಲ್ಲೆ ಹೊತ್ತಿಗೇ ನೇಮ ಇದ್ದಿಲ್ಲ.”

ಅವರು ಇದ್ದದ್ದು ರಷ್ಯಾದ ಉತ್ತರದ ಅರ್ಖಾಂಗೆಲ್ಸ್ಕ್ ಎಂಬ ಊರಿನಲ್ಲಿ. ಹನ್ನೊಂದು ಚಳಿಗಾಲ ಅಲ್ಲಿ ಇಂಗ್ಲಿಷ್ ಕಲಿಸಿ, ಎರಡೂವರೆ ವರ್ಷದ ಹಿಂದೆ ಊರಿಗೆ ಮರಳಿದ್ದಾರೆ. ಈಗ ನಲವತ್ತೇಳು. ನಸುಕಿನಲ್ಲಿ ಹೀಗೆ ಒಂದು ಪಾಠ, ಆಮೇಲೆ ಬಸ್ಸು ಹಿಡಿದು ನಿಪ್ಪಾಣಿಗೆ. ಅಲ್ಲಿ ತಂಬಾಕಿನ ಗೋದಾಮಿನ ಪಕ್ಕದ ಮಾಳಿಗೆಯ ಕೋಣೆಯಲ್ಲಿ ನರ್ಸಿಂಗ್ ಓದುವ ಹುಡುಗಿಯರಿಗೆ, ಅಂಗಡಿಕಾರರ ಮಕ್ಕಳಿಗೆ ಮಾತಾಡುವ ಇಂಗ್ಲಿಷ್ ಕಲಿಸುತ್ತಾರೆ. ಬಾಗಿಲ ಮೇಲೆ ಬೋರ್ಡು ಕೂಡ ಇಲ್ಲ. ಬಸ್ ಸ್ಟ್ಯಾಂಡಿನ ಚಹಾದಂಗಡಿಯ ನಾಮದೇವನಿಗೆ ಮಾತ್ರ ಅವರು ದಿನದ ಚೇಷ್ಟೆಯ ಗಿರಾಕಿ. “ಏನ್ ಮಾಸ್ತರ, ನಿಮ್ಮ ಬರ್ಫ ಇನ್ನೂ ಕರಗಿಲ್ಲೇನು? ಜನವರಿ ಬಿಸಲಾಗ ಮಫ್ಲರ ಸುತಗೊಂಡ ಬಂದೀರಿ!” ಎಂದು ಕೂಗುತ್ತಾನೆ. ಮಾಸ್ತರು ಕೈ ಬೀಸಿ ಮುಂದೆ ಹೋಗುತ್ತಾರೆ.

ರಷ್ಯಾದ ದಾರಿ ತೋರಿಸಿದವರು ಕುಡಚಿಯ ಅಲ್ತಾಫ. ಅಭಿನಂದನ ಆಗ ಕುಡಚಿಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ಮಾಸ್ತರು. ಅಲ್ತಾಫ ಡಾಕ್ಟರಕಿ ಓದಲು ಅರ್ಖಾಂಗೆಲ್ಸ್ಕಿಗೆ ಹೋಗಿದ್ದ ಹುಡುಗ. ರಜೆಗೆ ಬಂದವರು ಸುದ್ದಿ ತಂದರು: ಅಲ್ಲೊಂದು ಸಂಜೆಯ ಇಂಗ್ಲಿಷ್ ಶಾಲೆ ಇದೆ, ಇಂಗ್ಲೆಂಡಿನವರು ಚಳಿಗೆ ಹೆದರಿ ನಿಲ್ಲುವುದಿಲ್ಲ, ಮಾಸ್ತರು ಬೇಕಾಗಿದ್ದಾರೆ. ಈಗ ರಾಯಬಾಗದಲ್ಲಿ ದವಾಖಾನೆ ಇಟ್ಟಿರುವ ಡಾ. ಅಲ್ತಾಫ ನೆನೆದು ನಗುತ್ತಾರೆ. “ನಾ ಚೇಷ್ಟಿಗಿ ಅಂದಿದ್ದೆರಿ. ಈ ಮನಷ್ಯಾ ಖರೇನ ಗಂಟ ಕಟ್ಟಿದ. ಅಲ್ಲಿ ನಾವು ಐದಾರ ಮಂದಿ ನಮ್ಮ ಕಡೆಯಾವ್ರು ಕೂಡಿ ಅಡಿಗಿ ಮಾಡಿ ಕರದ್ರ, ಬರತಿದ್ದ, ಕುಂದರತಿದ್ದ, ನಗತಿದ್ದ. ತಾಟಿಗಿ ಕೈ ಹಚ್ಚತಿದ್ದಿಲ್ಲ. ನಮಗ ಗೊತ್ತಿತ್ತು, ನಾವು ಒತ್ತಾಯ ಮಾಡಲಿಲ್ಲ. ಆ ಮುದಕಿಗಿ ಯಾರ ಹೇಳಬೇಕು?”

ಆ ‘ಮುದಕಿ’ ರೈಸಾ ಪಾವ್ಲೋವ್ನಾ. ಅಭಿನಂದನ ಬಾಡಿಗೆಗಿದ್ದ ಮನೆಯ ಒಡತಿ. ನದಿಯ ದಂಡೆಯ ಕಟ್ಟಿಗೆ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಮೂವತ್ತು ವರ್ಷ ಅಡುಗೆ ಮಾಡಿ ನಿವೃತ್ತಳಾದ ವಿಧವೆ. ಎರಡು ಕೋಣೆಯ ಮನೆ. ಒಂದರಲ್ಲಿ ಆಕೆ, ಒಂದರಲ್ಲಿ ಮಾಸ್ತರು, ನಡುವೆ ಅಡುಗೆಮನೆ. ಸಂಜೆಯ ಪಾಠಗಳು ಮುಗಿದು ಮಾಸ್ತರು ಹಿಮ ಕೊಡವಿಕೊಂಡು ಒಳಗೆ ಬರುವಾಗ ರಾತ್ರಿ ಎಂಟೂವರೆ. ಮೇಜಿನ ಮೇಲೆ ಎರಡು ತಾಟು.

ಡಿಸೆಂಬರಿನಲ್ಲಿ ಅಲ್ಲಿ ಬೆಳಿಗ್ಗೆ ಹತ್ತು ದಾಟಿದ ಮೇಲೆ ಹೊತ್ತು ಹುಟ್ಟುತ್ತದೆ, ಮಧ್ಯಾಹ್ನ ಎರಡೂಕಾಲಕ್ಕೆ ಮುಳುಗಿಯೇಬಿಡುತ್ತದೆ. ಆ ನಾಲ್ಕು ತಾಸಿನಲ್ಲಿ ಉಂಡದ್ದೇ ಊಟ. ಹೊರಡುವ ಮೊದಲು ಬಸದಿಯಲ್ಲಿ ಮುನಿಗಳ ಮುಂದೆ ಕೈ ಮುಗಿದು ತೆಗೆದುಕೊಂಡ ನೇಮ ಅದು. “ಗಡ್ಡಿ ಗೆಣಸ ಬಿಡೂದ ಆಗಲಿಲ್ರಿ, ಬಟಾಟಿ ಬಿಟ್ರ ಅಲ್ಲಿ ಬದಕೂದ ಕಠಿಣ. ಇದೊಂದರ ಉಳಿಸ್ಕೊಳ್ಳೂಣಂತ ಹಟಾ ಹಿಡದೆ,” ಎನ್ನುತ್ತಾರೆ. “ಎರಡಕ್ಕ ಉಂಡ್ರ ಮರದಿನಾ ಹತ್ತರ ತನಕಾ ಬರೇ ಹೊಟ್ಟಿ. ಹೊರಗ ಮೈನಸ್ ಇಪ್ಪತ್ತೈದು. ಹೊಟ್ಟ್ಯಾಗ ಕೂಸ ಅತ್ತಂಗ ಆಗತಿತ್ತು.”

ಹಾಗಾದರೆ ಆಕೆಗೆ ಅದನ್ನು ಹೇಳಬಾರದಿತ್ತೇ? ಉತ್ತರವಾಗಿ ಅವರು ಶಾಲೆಯ ಮಾತು ತೆಗೆಯುತ್ತಾರೆ. ಅಲ್ಲಿ ಆಗ ಇಂಗ್ಲೆಂಡಿನವನು ಒಬ್ಬನೇ, ಕೀತ್ ಎಂದು ಹೆಸರು. ಪಾಲಕರಿಗೆಲ್ಲ ತಮ್ಮ ಮಕ್ಕಳಿಗೆ ಕೀತನೇ ಬೇಕು.

“ಮೊದಲನೇ ದಿನಾನ ಶಾಲಿ ನಡಸಾಕಿ ಹೇಳಿದ್ಲ್ರಿ. ಕೀತ್ ಹೆಂಗ ಕುಂದರತಾನ, ಟೈ ಹೆಂಗ ಕಟ್ಟತಾನ, ಹವಾಮಾನದ ಮ್ಯಾಲೆ ಹೆಂಗ ಮಾತ ಚಾಲೂ ಮಾಡತಾನ, ನೋಡಿ ಕಲಿ. ನಿಮ್ಮ ದೇಶದ ನೇಮಾ ನಿಷ್ಠಾ ಇಲ್ಲಿ ತಗೀಬ್ಯಾಡ, ಮಂದಿ ಹುಡುಗೂರನ್ನ ಬಿಡಿಸ್ಕೊಂಡ ಹೋಗತಾರ ಅಂತ. ಅಲ್ಲಿಂದ ನಾ ಯಾರ ಮುಂದೂ ಬಾಯಿ ಬಿಡಲಿಲ್ಲ. ಇಂಗ್ಲಿಷ್ ಕಲಸಾಕ ಹೋಗಿ, ಇಂಗ್ಲಿಷರಾಂವನಂಗ ಇರೂದ ಕಲತೆ.”

ಹೀಗಾಗಿ ಅವರು ರಷ್ಯನ್ ಭಾಷೆಯಲ್ಲಿ ಮೊದಲು ಬಾಯಿಪಾಠ ಮಾಡಿದ ಮಾತು ‘ನನಗೆ ಹಸಿವಿಲ್ಲ’. ರೈಸಾ ದಿನವೂ ಕರೆಯುತ್ತಿದ್ದರು, ಇವರು ದಿನವೂ ಅದನ್ನೇ ಹೇಳಿ ಕೋಣೆ ಸೇರುತ್ತಿದ್ದರು. ಮಾಂಸ ತಿನ್ನುವುದಿಲ್ಲ ಎಂಬುದಷ್ಟು ತಿಳಿದಿದ್ದ ಆಕೆ ಅದಿಲ್ಲದೆಯೇ ಮಾಡುತ್ತಿದ್ದರು. ಒಂದು ಸಲ ಕೀತ್ ಊಟಕ್ಕೆ ಬಂದವನು ಮೂರು ಬಟ್ಟಲು ಸಾರು ಸುರಿದುಕೊಂಡು ಹೊಗಳಿ ಹೋದ. “ಅಂವಾ ಉಣ್ಣೂತನಕಾ ಆಕಿ ಅಂವನ್ನ ನೋಡಲಿಲ್ರಿ. ನನ್ನ ನೋಡಿದ್ಲು.”

ಬೇಸಿಗೆಯಲ್ಲಿ ಅಲ್ಲಿ ರಾತ್ರಿ ಹತ್ತಾದರೂ ಬೆಳಕು. ನೇಮ ಮುರಿಯದೆ ಆಕೆಯ ಎದುರು ಕುಳಿತು ಉಣ್ಣಬಹುದಾದ ತಿಂಗಳುಗಳು ಅವು. ಆದರೆ ಹಿಮ ಕರಗಿದ ಕೂಡಲೇ ರೈಸಾ ಊರಾಚೆ ತಮ್ಮ ಕಾಯಿಪಲ್ಲೆಯ ತೋಟದ ಗುಡಿಸಲಿಗೆ ಹೋಗುತ್ತಿದ್ದರು. ಶಾಲೆಗೆ ರಜೆ ಬಿಟ್ಟು ಇವರು ಅಕ್ಕೋಳಕ್ಕೆ ಬರುತ್ತಿದ್ದರು. ಆರನೆಯ ಚಳಿಗಾಲ ಮುಗಿಯುವ ಹೊತ್ತಿಗೆ ಆಕೆ ಕರೆಯುವುದನ್ನು ನಿಲ್ಲಿಸಿದರು. ಮೇಜಿನ ಮೇಲೆ ಒಂದೇ ತಾಟು ಇರತೊಡಗಿತು.

ಯುದ್ಧ ಶುರುವಾದ ವರ್ಷ ಕೀತ್ ತನ್ನ ದೇಶಕ್ಕೆ ಹೋದ. ಮರುವರ್ಷ ಶಾಲೆ ಮುಚ್ಚಿತು. ಮಾಸ್ತರು ಹೊರಟ ದಿನ ಜೂನ್ ತಿಂಗಳು, ಕಣ್ಣು ಕುಕ್ಕುವ ಬಿಸಿಲು. ರೈಸಾ ತೋಟದಿಂದ ಬಸ್ಸು ಹತ್ತಿ ಬಂದು ಬಾಗಿಲಲ್ಲಿ ನಿಂತು ಕಳಿಸಿಕೊಟ್ಟರು. “ಅವತ್ತ ಕರದಿದ್ರ ಉಣ್ಣತಿದ್ದೆರಿ. ಕರೀಲಿಲ್ಲ. ನಾನರ ಹೆಂಗ ಕೇಳಲಿ?”

ಊರಿಗೆ ಬಂದ ಮೇಲೆ ಒಂದು ಸಂಜೆ ಇದನ್ನೆಲ್ಲ ತಾಯಿಗೆ ಹೇಳಿದರು, ನೇಮ ಕಾಯ್ದ ಹೆಮ್ಮೆಯಿಂದಲೇ. ಕಾಶಿಬಾಯಿ ಅಕ್ಕಿ ಆರಿಸುತ್ತಿದ್ದವರು ಮೊರವನ್ನು ಕೆಳಗಿಟ್ಟರು. ಅವರು ಇಂದಿಗೂ ಚಾತುರ್ಮಾಸದಲ್ಲಿ ಒಂದೇ ಹೊತ್ತು ಉಣ್ಣುವವರು.

“ನಾ ಅಂದೆರಿ,” ಎಂದು ಅವರೇ ಹೇಳುತ್ತಾರೆ, “ನೇಮಾ ಬಿಡಂತ ನಾ ಯಾಕ ಅನ್ನಲಿ? ಖರೇ, ಹೊತ್ತ ಇದ್ದಾಗನ ನೀಡಬೇ ಯವ್ವಾ ಅಂತ ಒಂದ ಮಾತ ಕೇಳಾಕ ಏನಾಗಿತ್ತಲೇ ನಿನಗ? ಆಯಿತವಾರ ಮಧ್ಯಾಹ್ನ ಎಲೆ ಹಾಸತಿದ್ದಿಲ್ಲೇನ ಆಕಿ? ಅಡಿಗಿ ಮಾಡೂ ಹೆಣಮಗಳಿಗಿ ದಿನಾ ಹಸಿವಿಲ್ಲಂತ ಹೇಳತಾರೇನು? ನೇಮಾ ನಿಂದು, ಸಂಕಟಾ ಆಕಿದು. ಅದ್ಯಾವ ಧರ್ಮಲೇ?”

ಆ ಮಾತು ಒಳಗೆ ಕೂತಿತು. ಹಾಗಿದ್ದೂ ರೈಸಾಗೆ ನಿಜ ಹೇಳಲು ಎರಡು ವರ್ಷಕ್ಕಿಂತ ಹೆಚ್ಚೇ ಹಿಡಿಯಿತು. ಹೊಸವರ್ಷಕ್ಕೆ ಫೋನು ಮಾಡಿದರೆ ಬರೀ ಚಳಿಯ ಮಾತು, ಕಾಲುನೋವಿನ ಮಾತು. ಕಡೆಗೆ ಹೋದ ದೀಪಾವಳಿಯ ನಂತರ ಒಂದು ದಿನ ಗಟ್ಟಿ ಮನಸ್ಸು ಮಾಡಿ ಎಲ್ಲವನ್ನೂ ಹೇಳಿದರು. ಆಕೆ ಪೂರ್ತಿ ಕೇಳಿದರು. “ಆರ ವರ್ಷ ನಾ ಅಡಿಗಿ ಬದಲ ಮಾಡಕೋತ ಹೋದೆ ಅಂದ್ಲ್ರಿ. ಉಪ್ಪ ಕಡಿಮಿ ಮಾಡಿದೆ, ಬೆಣ್ಣಿ ಹೆಚ್ಚ ಮಾಡಿದೆ, ಮೂವತ್ತ ವರ್ಷ ನಾ ಮಾಡಿದ್ದ ತಾಟಿನ್ಯಾಗ ಯಾರೂ ಬಿಟ್ಟಿದ್ದಿಲ್ಲ, ಕೈಯಾನ ರುಚಿ ಹೋತಂತ ತಿಳಕೊಂಡೆ ಅಂದ್ಲು. ಅಷ್ಟ ಅಂದು ಫೋನ ಇಟ್ಲು.” ಮುಂದೆ ಎಷ್ಟು ಸಲ ಮಾಡಿದರೂ ಆಕೆ ಎತ್ತಲಿಲ್ಲ.

ಸಂಕ್ರಾಂತಿಯ ಮುಂದಿನ ವಾರ ರೈಸಾ ಇರುವ ಕಟ್ಟಡದ ಕೆಳಮನೆಯ ಹುಡುಗಿಯಿಂದ ಸಂದೇಶ ಬಂತು. ಮಾಸ್ತರರ ಹಳೆಯ ವಿದ್ಯಾರ್ಥಿನಿ. ‘ಆಯಿತವಾರ ನಮ್ಮ ಮಧ್ಯಾಹ್ನ ಹನ್ನೆರಡಕ್ಕೆ ಫೋನಿನ ಮುಂದೆ ಊಟಕ್ಕೆ ಕೂಡಬೇಕಂತೆ. ಆಗ ಎರಡೂ ಕಡೆ ಹಗಲು ಇರುತ್ತದಲ್ಲವೇ ಎಂದು ಕೇಳಿದ್ದಾರೆ.’

ಇಂದು ಆ ಆಯಿತವಾರ. ಇಲ್ಲಿ ಎರಡೂವರೆ. ಕಾಶಿಬಾಯಿ ಮಗನಿಗೂ ತಮಗೂ ಬಡಿಸಿಕೊಂಡಿದ್ದಾರೆ: ಚಪಾತಿ, ಬದನೆಕಾಯಿ, ಕಟ್ಟಿನ ಸಾರು, ಅನ್ನ. ತಂಬಿಗೆಗೆ ಆನಿಸಿ ಮೊಬೈಲು ನಿಲ್ಲಿಸಿದ್ದಾರೆ. ಮಾಸ್ತರರ ಕೈ ಎರಡು ಸಲ ಟೈ ಇಲ್ಲದ ಕೊರಳಿಗೆ ಹೋಗಿ ಬರುತ್ತದೆ. ಕರೆ ಹೋಗುತ್ತದೆ, ಕಡಿಯುತ್ತದೆ. “ಇನ್ನೊಮ್ಮೆ ಹಚ್ಚಲೇ,” ಎನ್ನುತ್ತಾರೆ ತಾಯಿ. ಎರಡನೆಯ ಸಲ ತೆರೆ ಬೆಳಗುತ್ತದೆ. ಬಿಳಿ ಕೂದಲಿನ ದೊಡ್ಡ ಮುಖ, ಮುಂದೆ ಒಂದು ಬಟ್ಟಲು, ಹಿಂದೆ ಕಿಟಕಿಯಲ್ಲಿ ಹಿಮದ ಬೆಳಕು. ಆಕೆ ನಗುವುದಿಲ್ಲ. ಒಂದು ಮಾತು ಹೇಳುತ್ತಾರೆ.

“ಏನಂದ್ಲು?”

“ಉಣ್ಣು ಅಂದ್ಲಬೇ.”

ಮಾಸ್ತರು ತುತ್ತು ಮಾಡಿ ಬಾಯಿಗಿಡುತ್ತಾರೆ. ಆ ಕಡೆ ರೈಸಾ ಚಮಚ ಹಿಡಿದದ್ದು ಹಾಗೆಯೇ ಇದೆ. ಆತ ಅಗಿಯುವುದನ್ನೂ ನುಂಗುವುದನ್ನೂ ನೋಡುತ್ತಾರೆ. ಅರ್ಧ ಚಪಾತಿ ಮುಗಿದ ಮೇಲೆ ಕಾಶಿಬಾಯಿಯ ಕಡೆ ತಿರುಗಿ ಏನೋ ಕೇಳುತ್ತಾರೆ.

“ಮನ್ಯಾಗ ಸರಿಯಾಗಿ ಉಣ್ಣತಾನೇನಂತ ಕೇಳತಾಳ.”

“ಎರಡನೇ ಸರ್ತಿ ಕೇಳಿ ಹಾಕಿಸ್ಕೋತಾನಂತ ಹೇಳು,” ಎನ್ನುತ್ತಾರೆ ಕಾಶಿಬಾಯಿ. ಮಗ ಇನ್ನೊಂದು ತುತ್ತು ಮುರಿಯುವುದನ್ನು ಕಂಡು, “ಇದ್ದದ್ದನ್ನ ಹೇಳಲೇ. ಮತ್ತ ಹೊಳ್ಳಿ ಸುಳ್ಳ ಬ್ಯಾಡ.”

ಅವರು ತಲೆ ತಗ್ಗಿಸಿ ಹೇಳುತ್ತಾರೆ. ರೈಸಾ ಮತ್ತೊಂದು ಪ್ರಶ್ನೆ ಕೇಳುತ್ತಾರೆ: ಅಷ್ಟೆಲ್ಲ ಮಾಡಿದೆನಲ್ಲ, ಅದರಲ್ಲಿ ನಿನಗೆ ಯಾವುದು ಸೇರುತ್ತಿತ್ತು?

“ಒಂದೂ ತಿಂದಿಲ್ಲ, ಏನ ಹೇಳಲಿ?” ಎಂದು ಮಾಸ್ತರು ತಮ್ಮಷ್ಟಕ್ಕೇ ಗೊಣಗುತ್ತಾರೆ. ಆದರೂ ಹೇಳುತ್ತಾರೆ, ವಟಾಣಿಯ ಸಾರು, ಮೇಲೆ ಸಬ್ಬಸಗಿ ಹಾಕಿದ್ದು. ಅದರ ವಾಸನೆ ನಮ್ಮವ್ವನ ಒಲೆಯ ಮುಂದೆ ಕುಳಿತ ಹಾಗೆ ಇತ್ತು ಎಂದು. ರೈಸಾ ಬಟ್ಟಲನ್ನು ಸರಿಸುತ್ತಾರೆ. ಅದನ್ನು ಮೊದಲ ಚಳಿಗಾಲದಲ್ಲೇ ಬಿಟ್ಟೆ, ಆ ವಾಸನೆ ಬಂದಾಗಲೆಲ್ಲ ನೀನು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದೆ, ನಿನಗೆ ಅದು ಸೇರುವುದಿಲ್ಲವೆಂದು ತಿಳಿದೆ ಎನ್ನುತ್ತಾರೆ.

ತೆರೆದಿದ್ದರೆ ಬಂದು ಕೂತುಬಿಡುತ್ತಿದ್ದೆ, ಅದಕ್ಕೆ ಹಾಕಿಕೊಳ್ಳುತ್ತಿದ್ದೆ ಎನ್ನುತ್ತಾರೆ ಅಭಿನಂದನ. ಆಕೆ ಬಟ್ಟಲನ್ನು ಮತ್ತೆ ಹತ್ತಿರ ಎಳೆದುಕೊಂಡು ಉಣ್ಣಲು ತೊಡಗುತ್ತಾರೆ. ಮೂವರೂ ಉಣ್ಣುತ್ತಾರೆ.

ಕರೆ ಮುಗಿದ ಮೇಲೆ ಕೈ ತೊಳೆದು ಬಂದು ಕಟ್ಟೆಯ ಮೇಲೆ ಕೂರುತ್ತಾರೆ ಮಾಸ್ತರು. ರೈಸಾಗೆ ಈಗ ಎಂಬತ್ತಮೂರು, ಕಾಲು ಹೋಗಿವೆ, ತೋಟಕ್ಕೂ ಹೋಗುವುದಿಲ್ಲ. ಮೇ ತಿಂಗಳಿಗೆ ವೀಸಾಕ್ಕೆ ಹಾಕಿದ್ದಾರೆ. ಬಂದೀತೋ ಇಲ್ಲವೋ ತಿಳಿಯದು.

“ಆಕಿ ಮಾಡಿದ್ದನ್ನ ನಾ ಉಣ್ಣೂದ ದೊಡ್ಡದಲ್ರಿ,” ಎನ್ನುತ್ತಾರೆ. “ಉಂಡ ಮ್ಯಾಲೆ ಬಟ್ಟಲ ಮುಂದ ಹಿಡದು, ಇನ್ನೊಂಚೂರ ಹಾಕಂತ ನಾನಾಗೇ ಕೇಳಬೇಕು. ಅಷ್ಟ ಆದ್ರ ಸಾಕ.”