ಮುರಗೋಡ ಹಿಡಿಯುತ್ತಿದ್ದ ಆಯಿ

ಆಗ ನನಗ ಹದಿನಾರು ತುಂಬಿತ್ತು. ಅದಾಗಿ ಐವತ್ತು ವರ್ಷ ದಾಟಿ ಹೋತು. ಹೋದ ವಾರ ಕೊಲ್ಹಾಪುರದ ಮಾರ್ಕೆಟ್ಟಿನ್ಯಾಗ ಮಗಳ ಜೋಡಿ ಮೆಣಸಿನಕಾಯಿ ಆರಿಸಾಕ ನಿಂತಿದ್ದೆ. ಬಾಜೂದಾಗಿನ ಮೀನದವ ನೀಲಿ ಟಬ್ಬಿನ ನೀರು ಗಟಾರಕ್ಕ ಚೆಲ್ಲಿದ. ಆ ವಾಸನಿ ಮೂಗಿಗೆ ಬಡೀತು. ಕೆಸರು, ಲೋಳಿ, ನೆನೆದ ಗೋಣಿತಟ್ಟಿನ ವಾಸನಿ. ಬಗ್ಗಿ ನೋಡಿದೆ. ಟಬ್ಬಿನ ತಳದಾಗ ಮುರಗೋಡ ಮೀನು, ಕರ್ರಗ, ಒಂದರ ಮ್ಯಾಲ ಒಂದು ಬಿದ್ದು ಮೀಸಿ ಅಲ್ಲಾಡಿಸತಿದ್ದವು. ಅಂವ ಇಕ್ಕಳದಿಂದ ಎತ್ತಿ ತಕ್ಕಡಿಗೆ ಒಗೀತಿದ್ದ. ಇಕ್ಕಳದಿಂದ... ಆಯಿ ನೋಡಿದ್ದರ ಅಲ್ಲೇ ಉಗುಳತಿದ್ದಳು.

"ನಡಿಯವ್ವಾ, ನಾರಾಕತ್ತೈತಿ" ಅಂದಳು ಮಗಳು. ನಾನು ಮಾತ್ರ ನಿಂತ ಜಾಗಾ ಬಿಡಲಿಲ್ಲ.

ಆಯಿ ಅಂದರ ನನ್ನ ಸ್ವಂತ ಆಯಿ ಅಲ್ಲ. ಇಚಲಕರಂಜಿಯೊಳಗ ನಮ್ಮ ಚಾಳಿನ ಕಡೀ ಮನಿಯಾಗ ಇದ್ದ ಅಂಬಿಗರ ಮುದುಕಿ. ಊರಿಗೆಲ್ಲಾ ಆಯಿ. ಆಕಿ ಹೆಸರು ಹಿಡದು ಕರದದ್ದು ನಾ ಕೇಳಿಲ್ಲ. ನಾನು ಗಡಹಿಂಗ್ಲಜ ಕಡಿಯಿಂದ ಲಗ್ನ ಆಗಿ ಬಂದಾಕಿ, ಆಕೀನೂ ಅದ ಕಡೆ ಹಿರಣ್ಯಕೇಶಿ ನದೀ ದಂಡಿ ಮ್ಯಾಲ ಹುಟ್ಟಿದಾಕಿ. ಅಷ್ಟ ಸಾಕಾತು. ಬಂದ ದಿನಾನ ನನ್ನ ಗದ್ದಾ ಹಿಡದು "ನಮ್ಮ ನೀರು ಕುಡದಾಕಿ" ಅಂದಳು. ಮನಿಯೊಳಗ ಮತ್ತ ಯಾರೂ ನನಗ ಅಂಥಾ ಮಾತು ಆಡಿದ್ದಿಲ್ಲ.

ಸಣ್ಣ ವಯಸ್ಸಿನ್ಯಾಗ ಗಂಡ ಸತ್ತು ರಂಡಿ ಆಗಿದ್ದಳು. ಕುಬ್ಬಸ ಇಲ್ಲ, ಕುಂಕುಮ ಇಲ್ಲ, ಬಳಿ ಇಲ್ಲ. ಮೊಳಕೈ ತನಕ ಎರಡೂ ಕೈ ಮ್ಯಾಲ ಬಿಳೀ ಬಿಳೀ ಕಲಿ. ಮುರಗೋಡ ಚುಚ್ಚಿದ ಗುರುತು. ಆ ಮೀನಿಗೆ ಮೈ ಮ್ಯಾಲ ಪೊರಿ ಇಲ್ಲ, ಬಾಯಿ ಸುತ್ತ ಮೀಸಿ, ಕಿವಿ ಹಂತೇಕ ಎರಡೂ ಕಡೆ ಒಂದೊಂದು ಮುಳ್ಳು. ಮುಳ್ಳು ಹೊಕ್ಕರ ಚೇಳು ಕಡದಂಗ. ಗಾಳಕ್ಕ ಬೀಳೋದು ಕಡಿಮಿ, ಬಲಿಗೆ ಸಿಗೋದು ಇನ್ನೂ ಕಡಿಮಿ. ಹೋಳಿ ಆದ ಮ್ಯಾಲ ನಮ್ಮೂರ ನದಿ ಪಂಚಗಂಗಾ ಇಳದು ಮಡುವು ಮಡುವು ಆಗತಿದ್ದಳು. ಆಗ ದಂಡೀ ಕೆಸರಿನ ಬಿಲದಾಗ ಹೊಕ್ಕು ಕೂಡತಾವ. ಅಲ್ಲಿ ಕೈ ಹಾಕಿ ತಗೀಬೇಕು.

ನಾನು ಗಡಿಗಿ ಹೊತಗೊಂಡು ಆಕಿ ಹಿಂದ ಹೋಗತಿದ್ದೆ. ಅತ್ತಿ ಮುಂದ ಅರಬಿ ಒಗ್ಯಾಕ ಅಂತ ಹೇಳಿ ಹೋಗೋದು. ಆಯಿ ಸೊಂಟಮಟ ನೀರಿಗೆ ಇಳದು, ಗಲ್ಲ ದಂಡಿಗೆ ಹಚ್ಚಿ, ಕಣ್ಣ ಮುಚ್ಚಿ ನಿಲ್ಲತಿದ್ದಳು. ನೀರಿನೊಳಗ ಅಂಗೈ ಗ್ವಾಡಿ ಸವರಿದಂಗ ದಂಡಿ ಸವರತಿತ್ತು. ಬಿಲದ ಬಾಯಿ ಖರಖರ ಇದ್ದರ ಏಡಿ. ನೀರಿಗಿಂತ ಮ್ಯಾಲಿದ್ದರ ಹಾವು. ನುಣ್ಣಗ ಲೋಳಿ ಹತ್ತಿದರ ನಮ್ಮದು. ಬೆರಳು ಕೂಡಿಸಿ ಅಂಗೈ ಮ್ಯಾಲ ಮಾಡಿ ಒಳಗ ಬಿಡೋದು, ಮೀನಿನ ಹೊಟ್ಟಿ ಕೆಳಗ. ಹೊಟ್ಟಿ ಸವರಿದರ ಸುಮ್ಮನ ಕೂಡತೈತಿ. ಸವರಿಕೋತ ತಲೀಮಟ ಹೋಗಿ, ಮುಳ್ಳಿನ ಹಿಂದ ಹೆಬ್ಬೆರಳೂ ತೋರಬೆರಳೂ ಸೇರಿಸಿ ಎಳ್ಯೋದು.

"ಗಬಕ್ಕನ ಹಿಡದ್ಯೋ, ಚುಚ್ಚತೈತಿ. ಚುಚ್ಚಿತು ಅಂತ ಬಿಟ್ಟ್ಯೋ, ಇನ್ನೊಮ್ಮೆ ಚುಚ್ಚತೈತಿ, ಮೀನೂ ಹೋಗತೈತಿ. ಅತ್ತಿ ಜೋಡಿ ಬಾಳ್ವೆ ಮಾಡಿದಂಗ" ಅಂತಿದ್ದಳು.

ನದಿಯಿಂದ ಬರೂ ಹಾದಿ ಜೈನರ ಓಣಿಯೊಳಗ ಇತ್ತು. ಅಲ್ಲಿ ಕಟ್ಟೀ ಮ್ಯಾಲ ಒಬ್ಬ ಸಾವಕಾರ್ತಿ ಬಾಯಿ ಅಕ್ಕಿ ಆರಿಸಿಕೋತ ಕೂತಿರತಿದ್ದಳು. ಗಡಿಗೀ ಮ್ಯಾಲ ಹಸಿ ತಟ್ಟು ಮುಚ್ಚಿರತಿತ್ತು. ಮುರಗೋಡ ನೀರ ಬಿಟ್ಟರೂ ಭಾಳ ಹೊತ್ತು ಜೀವ ಹಿಡೀತೈತಿ, ತಟ್ಟು ಒಳಗಿಂದೊಳಗ ಕುಣೀತಿತ್ತು.

"ಯಾಕ ಆಯಿ, ಗಡಿಗ್ಯಾಗ ಏನೋ ಮಿಸುಕಾಡಾಕತ್ತೈತಿ?"

"ನಮ್ಮ ಅಳಿಯಾ ಅದಾನ್ರಿ ಬಾಯೀ. ಮೀಸಿ ನೋಡ್ತೀರೇನು?"

"ಪಾಪ ಹೊತಗೊಂಡು ಹೊಂಟೀ ನೋಡು."

"ಹೌದ್ರಿ, ಒಜ್ಜಿ ಐತಿ. ಒಂದೀಟು ಕೈ ಹಚ್ಚರಿ."

ಸಾವಕಾರ್ತಿ ಸೆರಗು ಬಾಯಿಗೆ ಹಚ್ಚಿಕೊಂಡು ನಗತಿದ್ದಳು. ಜಗಳ ಅಲ್ಲ ಅದು. ದಿನಾ ಹಂಗ.

ನನಗ ಆಯಿ ಎಲ್ಲಾ ಹೇಳಿಕೊಟ್ಟಳು. ಕೈ ಹಾಕಾಕ ಮಾತ್ರ ಬಿಡಲಿಲ್ಲ. ಒಮ್ಮೆ ಕೇಳಿದೆ. ನನ್ನ ಮುಂಗೈ ಹಿಡದು ಹಸರು ಬಳಿ ತೋರಿಸಿದಳು. ಗಾಜಿನ ಬಳಿ, ಕೈತುಂಬ, ಬಿಗಿಯಾಗಿ. ಬಿಲದಾಗ ಹೋಗೂದಿಲ್ಲ, ಹೋದರೂ ಸಪ್ಪಳಕ್ಕ ಮೀನ ಹಿಂದಕ್ಕ ಸರೀತೈತಿ, ಒಡದರ ಕೈ ಕೊಯ್ಯತೈತಿ. ಬಳಿ ತಗೀಬೇಕಂದರ ಮುತ್ತೈದಿ ತಗ್ಯಾಂಗಿಲ್ಲ. ಗಂಡ ಇರೂತನಕ ಹೆಣ್ಣಿನ ಕೈ ಬರಿದಾಗಬಾರದು, ಹಬ್ಬಕ್ಕ ಬದಲಿಸುವಾಗ ಸುದ್ದಾ ಒಂದು ಹಳೇ ಬಳಿ ಬಿಟ್ಟು ಹೊಸಾವು ಏರಿಸತಿದ್ದ ಬಳಿಗಾರ. ಅದಕ್ಕ ನಮ್ಮ ಕಡೆ ಕೈಯಿಂದ ಮೀನ ಹಿಡಿಯೋದು ಗಂಡಸರ ಕೆಲಸ, ಇಲ್ಲಾ ರಂಡೇರ ಕೆಲಸ.

ಯುದ್ಧದ ಕಾಲ ಅದು, ಜ್ವಾಳಾ ರೇಶನ್ನಿಗೆ ನಿಂತಿತ್ತು. ಆ ಬ್ಯಾಸಿಗಿಯೊಳಗ ನನ್ನ ಗಂಡಗ ವಿಷಮಜರ ಬಂತು. ಮಗ್ಗದ ಶೆಡ್ಡಿನ್ಯಾಗ ಕೆಲಸ ಅವರದು. ಜರ ಬಿಟ್ಟಿತು, ಮನಶ್ಯಾ ಎದ್ದು ಕೂಡಲಿಲ್ಲ. ಕಾಲು ಕೊಡತೀ ಕಾವಿನಂಗ ಆಗಿದ್ದವು. ಅನ್ನ ಕೊಟ್ಟರ ವಾಂತಿ. ಜೈನರ ಬಾಯಿ ತಾನ ಚರಗೀಲೆ ಹಾಲು ಕಳಿಸಿದಳು, ಜೀವಾ ಕೊಂದು ಜೀವಾ ಉಳಸೋದು ಬ್ಯಾಡ ಅಂತ ಹೇಳಿ. ಹಾಲೂ ನಿಲ್ಲಲಿಲ್ಲ. ಆಯಿ ಜೀವಂತ ಮುರಗೋಡ ತಂದು, ಅರಿಷಿಣ ಮೆಣಸು ಹಾಕಿ ಕುದಿಸಿ, ತಿಳೀ ನೀರು ಬಸದು ಕೊಟ್ಟಳು. ಅದು ನಿಂತಿತು. ಮರುದಿನಾನೂ ನಿಂತಿತು. ಹಿಂಗ ದಿನಾ ಒಂದು ಮೀನ, ಒಂದು ವಾಟಗ ಸಾರು. ಗ್ವಾಡಿಗೆ ಆತು ಕೂಡೂಹಂಗ ಆದರು.

ಶೆಡ್ಡಿನ ಕೆಲಸಗಾರರ ಮ್ಯಾಲಿನ ಮುಕಾದಮ ಬಂದು ಬಾಗಿಲಾಗ ನಿಂತು ಹೇಳಿ ಹೋದ. "ಅಮಾಸಿ ತನಕ ನೋಡತೇನಿ. ಆಮ್ಯಾಲ ಮಗ್ಗಾ ಬ್ಯಾರೇದಾಂವಗ ಕೊಡತೇನಿ. ಕಾಯ ಕರೂ, ಮಾಲಕ ವಿಚಾರ್ತೋಯ್. ಏನ ಮಾಡ್ಲಿ, ಮಾಲಕ ಕೇಳಾಕತ್ತಾನ."

ಅಂಥಾದ್ರಾಗ ಆಯಿಗೆ ಮುಳ್ಳು ಹೊಕ್ಕಿತು. ಹೆಬ್ಬೆರಳ ಬುಡದಾಗ, ಆಳ. ನಾನ ಹಂತೇಕ ಇದ್ದೆ. ಚುಚ್ಚಿಸಿಕೊಂಡೂ ಮೀನ ಬಿಡಲಿಲ್ಲ, ಗಡಿಗ್ಯಾಗ ಹಾಕಿ ಆಮ್ಯಾಲ ಕೈ ನೋಡಿಕೊಂಡಳು. "ದಿನಾ ಸಾಯೋರಿಗೆ ಅಳೋರ್ಯಾರು" ಅಂದಳು. ಆದರ ಸಂಜೀಕ ಕೈ ಬಾತು ಗುಂಬಳಾ ಆತು. ಸುಣ್ಣ ಹಚ್ಚಿದೆ, ಬಿಸಿ ಬೂದಿ ಕಟ್ಟಿದೆ. ಬಾವು ಮೊಳಕೈ ದಾಟಿತು, ಚಳಿಜರ ಬಂತು.

ಮೀನ ತರೋರಿಲ್ಲದ ಮನಿಯಾಗ ಸಾರು ಬಂದ್ ಆತು. ನನ್ನ ಗಂಡ ಮತ್ತ ಅಡ್ಡ ಬಿದ್ದರು. ಒಂದಿನ ಮುಕಾದಮನ ಮಾತಿಗೆ ಹೆದರಿ ತಾವ ಎದ್ದು ಶೆಡ್ಡಿಗೆ ಹೋಗತೇನಿ ಅಂತ ಹೊಂಟರು, ಹೊಸ್ತಿಲದಾಗ ಬಿದ್ದರು. ಎತ್ತಿದೆ. ಮೂಟಿ ಎತ್ತಿದಷ್ಟೂ ಒಜ್ಜಿ ಇರಲಿಲ್ಲ...

ನಾನು ಬಳೀ ಮ್ಯಾಲ ಅರಬಿ ಸುತ್ತಿಕೊಂಡು ಒಬ್ಬಾಕೇ ನದಿಗೆ ಹೋದೆ. ಸಪ್ಪಳ ಆಗಬಾರದು, ಒಡೀಬಾರದು ಅಂತ ಜಾಣತನ. ಬಿಲ ಸಿಕ್ಕಿತು. ಅರಬಿ ನೀರ ಕುಡದು ಕೈ ಇಷ್ಟು ದಪ್ಪ ಆತು, ಮುಂಗೈ ತನಕ ಹೋಗಿ ಸಿಕ್ಕೊಂಡಿತು. ಬೆರಳ ತುದಿಗೆ ಮೀನಿನ ಮೀಸಿ ಹತ್ತಿತು. ಇಷ್ಟ ದೂರ. ಜಗ್ಗಿ ಒಳಗ ಒತ್ತಿದೆ. ಅರಬಿ ಒಳಗ ಬಳಿ ಒಂದು ಟಕ್ಕಂತ ಒಡದು ಮಾಂಸದಾಗ ಹೊಕ್ಕಿತು. ಕೈ ಹೊರಗ ಎಳಕೊಂಡೆ. ಮೀನ ತನ್ನ ಮನಿಯಾಗ ಉಳೀತು, ನಾನು ರಕ್ತ ಸುರಿಸಿಕೋತ ನನ್ನ ಮನಿಗೆ ಬಂದೆ.

ಅತ್ತಿ ನೋಡಿದಳು. ತಿಳೀಲಾರದ ಹೆಂಗಸಲ್ಲ. ಹಿರೀ ಮಗನ್ನ ಮಣ್ಣಿಗೆ ಕೊಟ್ಟಾಕಿ, ಉಳದಾಂವ ಇವರೊಬ್ಬರ.

"ಬಳಿ ಒಡಕೊಂಡು ಬಂದೀಯೇನ? ನನ್ನ ಮಗಾ ಇನ್ನೂ ಉಸರಾಡಾಕತ್ತಾನ."

"ಒಂದ ಒಡದೈತ್ರಿ. ಮೀನಕ್ಕ ಹೋಗಿದ್ದೆ."

"ಆಕಿ ಹಂಗ ಬೋಳ ಕೈ ಮಾಡಕೋಬೇಕಂತ ಆಸಿ ಆಗೈತೇನು ನಿನಗ? ಕೇಳಿಲ್ಲಿ. ಬಳಿ ತಗದಿ ಅಂದ್ರ ಈ ಹೊಸ್ತಿಲಾ ದಾಟಬ್ಯಾಡ. ನೀರಿಲ್ಲದಿದ್ರ ಬಾವೀಗೆ ಹೋಗು, ನದೀಗೆ ಹೋಗಬ್ಯಾಡ."

ನಾನು ಗಾಯಕ್ಕ ಅರಬಿ ಕಟ್ಟಿಕೊಂಡು ಆಯಿ ಕಡೆ ಹೋದೆ. ಆಕಿ ಜರದಾಗ ಮಕಾ ಕೆಂಪು ಮಾಡಕೊಂಡು ಬಿದ್ದಿದ್ದಳು. ನನ್ನ ಕೈ ನೋಡಿ ನಕ್ಕಳು.

"ಅರಬಿ ಸುತ್ತಿಕೊಂಡು ಹೋಗಿದ್ದ್ಯಾ? ನಾನೂ ಮದಲ ಅದನ್ನ ಮಾಡಿದ್ದೆ."

ನನಗ ತಿಳೀಲಿಲ್ಲ. ಆಕಿ ರಂಡಿ ಆದ ಮ್ಯಾಲ ಮೀನ ಹಿಡಿಯಾಕ ಶುರು ಮಾಡಿದಳು ಅಂತ ಎಲ್ಲಾರೂ ತಿಳಕೊಂಡಿದ್ದೆವು. ಆಕಿ ಹೇಳಿದ್ದು ಬ್ಯಾರೆ. ಪ್ಲೇಗಿನ ವರ್ಷ ಆಕಿ ಗಂಡ ಹಾಸಿಗಿ ಹಿಡದಾಗ, ಇನ್ನೂ ಮುತ್ತೈದಿ ಇದ್ದಾಗ, ಬಳಿ ತಗದಿಟ್ಟು ಹಿರಣ್ಯಕೇಶಿಗೆ ಇಳದಿದ್ದಳು. ಮೀನ ಸಿಕ್ಕಿತು. ಸಾರು ಕುಡಿಸಿದಳು. ಗಂಡ ಸತ್ತ. ಬಳಿ ತಗದು ಗಂಡನ್ನ ತಿಂದಾಕಿ ಅಂತ ಊರ ಅಂದಿತು. ಅದಕ್ಕ ಊರ ಬಿಟ್ಟು ಇಲ್ಲಿಗೆ ಬಂದಾಕಿ.

"ಭಾಳ ವರ್ಷ ನಾನೂ ಹಂಗ ತಿಳಕೊಂಡಿದ್ದೆ" ಅಂದಳು. "ಆಮ್ಯಾಲ ಕುಂತು ವಿಚಾರ ಮಾಡಿದೆ. ಆ ವರ್ಷ ಬಳಿ ಹಾಕ್ಕೊಂಡು ಕುಂತವರ ಗಂಡಂದಿರೂ ಸತ್ತರು. ಅವರಿಗೆ ಯಾರೂ ಏನೂ ಅನಲಿಲ್ಲ."

"ಮತ್ತ ನನಗ ತಗೀ ಅಂತ ಯಾಕ ಹೇಳಲಿಲ್ಲ?"

"ನಾ ಹೇಳೂದಿಲ್ಲ. ನಾಳೆ ಅಂವಗ ಏನರ ಆತಂದ್ರ ಊರಿನ ಬಾಯಿ ನಿನ್ನ ಮ್ಯಾಲ ಬೀಳತೈತಿ, ಅದನ್ನ ನೀನ ಹೊರಬೇಕು. ಹೊರೂದಿದ್ರ ತಗೀ. ಇಲ್ಲಂದ್ರ ಮನಿಯಾಗ ಕುಂದರು. ಅಳಾಕ ಮಾತ್ರ ಇಲ್ಲಿ ಬರಬ್ಯಾಡ, ನನಗ ನಿದ್ದಿ ಬರಾಕತ್ತೈತಿ."

ಅದ ಕಡೀ ಮಾತು. ಮರುದಿನ ಮಧ್ಯಾಹ್ನ ಗಂಜಿ ಒಯ್ದೆ, ಆಯಿ ಬಾಯಿ ತೆರದಿದ್ದಳು, ಉಸರು ಇರಲಿಲ್ಲ. ಬಾತ ಕೈ ಚಾಪಿ ಮ್ಯಾಲ ಅಂಗೈ ಮ್ಯಾಲ ಮಾಡಿ ಬಿದ್ದಿತ್ತು. ಕಡೆಯವರು ಅಂತ ಯಾರೂ ಇರಲಿಲ್ಲ. ಚಾಳಿನ ಗಂಡಸರ ಎತ್ತಿಕೊಂಡು ಹೋಗಿ ಹೊತ್ತು ಮುಣುಗೂದರೊಳಗ ನದೀ ದಂಡಿಗೆ ಮಣ್ಣು ಮಾಡಿದರು. ಜೈನರ ಬಾಯಿ ಕಟ್ಟೀ ಮ್ಯಾಲೆ ಎದ್ದು ನಿಂತಿದ್ದಳು, ಹೆಣಾ ದಾಟೂತನಕ ಕೂಡಲಿಲ್ಲ.

ಈಗ ಆ ಮಣ್ಣು ಎಲ್ಲಿ ಐತಿ ಅಂತ ಕೇಳಿದರ ನನಗ ಗೊತ್ತಿಲ್ಲ. ಮಳಿಗಾಲಕ್ಕ ಪಂಚಗಂಗಾ ಏರಿ ದಂಡೀನ ತಿಂದುಬಿಟ್ಟಳು. ಚಾಳು ಕೆಡವಿ ಶೆಡ್ಡು ಕಟ್ಟ್ಯಾರ, ರಾತ್ರಿ ಹಗಲಾ ಖಟಖಟ. ನದೀ ನೀರಿಗೆ ಬಣ್ಣದ ನೀರು ಕೂಡಿ, ಕೈ ಅದ್ದಿದರ ತುರಸತೈತಿ. ಅಲ್ಲಿ ಬಿಲಾನೂ ಇಲ್ಲ, ಬಿಲಕ್ಕ ಕೈ ಹಾಕೋರೂ ಇಲ್ಲ. ಆಯಿಯ ಒಂದು ಫೋಟೋ ಇಲ್ಲ. ಆಕಿ ಮಕಾ ನೆನಸಾಕ ಕೂತರ ಅರ್ಧಾ ಬರತೈತಿ, ಅರ್ಧಾ ಹೋಗತೈತಿ... ಕೈ ಮಾತ್ರ ಪೂರ್ತಿ ನೆನಪೈತಿ.

ನನ್ನ ಗಂಡ ಆ ಅಮಾಸಿಗೆ ಮಗ್ಗಕ್ಕ ನಿಂತರು. ಆಮ್ಯಾಲ ಭಾಳ ವರ್ಷ ಬದುಕಿದರು. ಮೀನದಿಂದ ಉಳದರೋ, ಉಳಿಯೋ ಮನಶ್ಯಾನ ಇದ್ದರೋ, ನಾ ಹೇಳಾಕ ಬರೂದಿಲ್ಲ. ಅತ್ತಿ ನನಗ ಹೊಸ್ತಿಲಾ ದಾಟಾಕ ಬಿಟ್ಟಳು, ಸಾಯೂತನಕ ಆ ಮಾತು ಎತ್ತಲಿಲ್ಲ. ಆದರ ಆಕಿ ಅಂದ ಮಾತು ಮರತು ಆಕಿ ಕೈಯಾಗಿನ ನೀರು ತಗೋಳಾಕ ನನಗ ಒಂದು ವರ್ಷ ಬೇಕಾತು. ಆಯಿಗೆ ಇದ್ಯಾವದೂ ತಿಳೀಲಿಲ್ಲ. ಹೇಳಬೇಕಂದರ ಆಕಿ ಇರಲಿಲ್ಲ. ಅಷ್ಟ ನನಗ ಕಮ್ಮಿ ಬಿದ್ದದ್ದು.

ಆಯಿನ್ನ ಮಣ್ಣು ಮಾಡಿದ ಮರುದಿನ ಮುಂಜಾನೆ ಅತ್ತಿ ನೂಲಿನ ಕಾಂಡಿ ಸುತ್ತಾಕ ಶೆಡ್ಡಿಗೆ ಹೋದಳು. ನಾನು ಅಂಟವಾಳಕಾಯಿ ನೆನಸಿ ಬುರುಗು ಮಾಡಿದೆ. ಬಳಿ ಒಡೀಲಿಲ್ಲ, ಒಡಿಯೋದು ಗಂಡ ಸತ್ತಾಗ. ಎಡಗೈಯಿಂದ ಬಲಗೈ ಹಿಂಡಿ, ಎಲುಬು ಕೂಡಿಸಿ, ಒಂದೊಂದ ಜಾರಿಸಿ ತಗದೆ. ಕೈ ಬೆಳ್ಳಗ ಕಾಣಿಸಿತು, ಯಾರದೋ ಕೈ ಇದ್ದಂಗ. ಬಳಿ ಎಲ್ಲಾ ಒಯ್ದು ಗಂಡನ ಎದೀ ಮ್ಯಾಲಿಟ್ಟೆ. ಅವರು ಬಳೀ ನೋಡಿದರು, ನನ್ನ ಕೈ ನೋಡಿದರು. ಬ್ಯಾಡ ಅನ್ನಲಿಲ್ಲ. ಎರಡೂ ಕೈಯಾಗ ಮುಚ್ಚಿ ಹಿಡಕೊಂಡರು.

"ಅವ್ವಾ ಬಂದು ಕೇಳಿದರ ಏನ ಹೇಳಲಿ?" ಅಂದರು.

"ನೀವ ಜೀವಂತ ಅದೀರಿ ಅಂತ ಹೇಳ್ರಿ" ಅಂದು ಗಡಿಗಿ ಎತ್ತಿಕೊಂಡೆ.